ಸಿಂಗಪುರಾನಾ, ಬಾದಾಮಿನಾ? ಮೊದಲು ಅತ್ತೆಯವರನ್ನು ಕೇಳಿ

ದಸರಾ ರಜೆ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಈ ಸಲ ಹೊರದೇಶಕ್ಕೆ ಹೋಗೋಣವಾ, ಇಲ್ಲೇ ಎಲ್ಲಾದರೂ ಸುತ್ತಿ ಬರೋಣವಾ? ಇಪ್ಪತ್ತು ವರ್ಷದಿಂದ ಪ್ರವಾಸ ಏರ್ಪಡಿಸಿಕೊಡುವುದೇ ನನ್ನ ಕೆಲಸ. ಹೊರದೇಶದ ಟಿಕೆಟ್ ಮಾರಿದರೆ ನನಗೆ ಕಮಿಷನ್ ಜಾಸ್ತಿ. ಆದರೆ ಇಲ್ಲಿ ಬರೆಯುವುದು ನಮ್ಮ ಮನೆಯವರೇ ಬಂದು ಕೇಳಿದರೆ ಏನು ಹೇಳುತ್ತೇನೋ ಅದನ್ನೇ. ಈ ಸಲ ಮೂರು ಪ್ರಶ್ನೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಜೊತೆಗೆ 68 ವರ್ಷದ ಅತ್ತೆ. ಪ್ರವಾಸಕ್ಕೆ ಅಂತ 3 ಲಕ್ಷ ಕೂಡಿಟ್ಟಿದ್ದೇವೆ. ಮಗಳ ಕ್ಲಾಸಿನ ನಾಲ್ಕೈದು ಮಕ್ಕಳು ಸಿಂಗಪುರಕ್ಕೆ ಹೋಗಿ ಬಂದಿದ್ದಾರೆ, ಇವಳಿಗೂ ಅದೇ ಆಸೆ. ಕಡಿಮೆ ಬಿದ್ದರೆ ಸಾಲ ಮಾಡಿಯಾದರೂ ಹೋಗೋಣ ಅನ್ನುತ್ತಾರೆ ಯಜಮಾನರು. ಅವರಿಗೆ ಸಿಗೋದು 6 ದಿನ ರಜೆ. ಅತ್ತೆಗೆ ಮೊಣಕಾಲು ನೋವು. ಒಂದು ಸಲ ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಬೇಕು ಅಂತ ವರ್ಷಗಳಿಂದ ಹೇಳುತ್ತಿದ್ದವರು ಈಗ "ನನ್ನನ್ನು ಮಗಳ ಮನೆಗೆ ಬಿಟ್ಟು ನೀವು ಹೋಗಿ ಬನ್ನಿ" ಅನ್ನುತ್ತಿದ್ದಾರೆ. ದಸರಾಕ್ಕೆ ಇನ್ನು ಎರಡು ತಿಂಗಳಿದೆ. ಮಕ್ಕಳ ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಏನು ಮಾಡೋದು?

ಉತ್ತರ: ಈ ದಸರಾಕ್ಕೆ ಬಾದಾಮಿಗೆ ಹೋಗಿ. ಅತ್ತೆಯವರನ್ನು ಕರೆದುಕೊಂಡೇ ಹೋಗಿ. ಸಿಂಗಪುರ ಬೇಡ ಅನ್ನುತ್ತಿಲ್ಲ, ಅದು ಮುಂದಿನ ಏಪ್ರಿಲ್‌ಗೆ ಇರಲಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬನಶಂಕರಿಯ ಆ ಒಂದು ಸಾಲು. "ನೀವು ಹೋಗಿ ಬನ್ನಿ" ಅನ್ನುವ ಮಾತನ್ನು ನಮ್ಮಮ್ಮನೂ ಹೇಳಿದ್ದರು. ನಾನು ಅದನ್ನು ನಂಬಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಲೇಷ್ಯಾಕ್ಕೆ ಹೋದೆ. ಅಮ್ಮ ನೋಡಬೇಕು ಅಂದುಕೊಂಡಿದ್ದು ಮಳೆಗಾಲದ ಜೋಗ, ಬೇರೇನಲ್ಲ. ಮುಂದಿನ ವರ್ಷ ಕರೆದುಕೊಂಡು ಹೋದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವರಿಗೆ ಕಾರಿನಲ್ಲಿ ಎರಡು ಗಂಟೆ ಕೂರುವುದಕ್ಕೂ ಆಗದ ಹಾಗಾಯಿತು. ಜೋಗ ಇವತ್ತಿಗೂ ಅಲ್ಲೇ ಇದೆ, ಅಮ್ಮ ಇಲ್ಲ.

ಹಾಗಂತ ನಿಮ್ಮ ಅತ್ತೆ ಬೇಜಾರಿಂದಲೇ ಹೇಳಿದ್ದಾರೆ ಅಂತಲೂ ಅಂದುಕೊಳ್ಳಬೇಡಿ. ಮಗಳ ಮನೆಯಲ್ಲಿ ಹತ್ತು ದಿನ ಇರುವುದೇ ಅವರಿಗೆ ಖುಷಿ ಇರಬಹುದು. ಮಗ, ಮೊಮ್ಮಕ್ಕಳ ಎದುರಿಗೆ ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ನೀವೇ ಸಂಜೆ ಹೊತ್ತು ಸೊಪ್ಪು ಬಿಡಿಸುತ್ತಾ ಕೂತಾಗ ಸುಮ್ನೆ ಕೇಳಿ ನೋಡಿ, ಬನಶಂಕರಿಗೆ ಹೋಗೋಣ ಅಂದರೆ ಬರ್ತೀರಾ ಅತ್ತೆ ಅಂತ. ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. 6 ದಿನ ರಜೆ ಅಂದರೆ ಸಿಂಗಪುರದಲ್ಲಿ 6 ದಿನ ಸಿಗುವುದಿಲ್ಲ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ದೇವನಹಳ್ಳಿ, ವಿಮಾನಕ್ಕೆ ಮೂರು ಗಂಟೆ ಮುಂಚೆ ಹಾಜರಿ, ಆಮೇಲೆ ನಾಲ್ಕೂವರೆ ಗಂಟೆ ಹಾರಾಟ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹೊರಟರೆ ನಿದ್ದೆ ಇಲ್ಲದೆ ಬೆಳಿಗ್ಗೆ ಇಳಿಯುತ್ತೀರಿ, ಹೋಟೆಲ್ ರೂಮು ಸಿಗುವುದು ಮಧ್ಯಾಹ್ನದ ಮೇಲೆ. ಬರುವಾಗಲೂ ಇದೇ ಕಥೆ. ನಿಮ್ಮ ಕೈಗೆ ಪೂರ್ತಿ ಸಿಗೋದು ನಾಲ್ಕು ದಿನ. ಆ ನಾಲ್ಕು ದಿನವೂ ಬೆಳಗಿನಿಂದ ರಾತ್ರಿವರೆಗೆ ನಡೆಯುವ ಊರು ಅದು. ನೋಯುವ ಮೊಣಕಾಲು ಇಟ್ಟುಕೊಂಡು ಅತ್ತೆಯವರಿಗೆ ಹೇಗೆ ಆಗುತ್ತದೆ?

ಹಣವೂ ಸಾಲದು. ವೀಸಾ ಬೇಕೇ ಬೇಕು, ಒಬ್ಬರಿಗೆ 30 ಸಿಂಗಪುರ ಡಾಲರ್, ವೀಸಾ ಸಿಗದಿದ್ದರೂ ಆ ಹಣ ವಾಪಸ್ ಇಲ್ಲ. ಐದು ಜನರನ್ನು ಒಂದೇ ರೂಮಿನಲ್ಲಿ ಬಿಡುವ ಹೋಟೆಲ್ ಅಲ್ಲಿ ಅಪರೂಪ, ಎರಡು ರೂಮು ಲೆಕ್ಕ ಹಾಕಿ. ಮಕ್ಕಳು ಕನಸು ಕಾಣುವ ಯೂನಿವರ್ಸಲ್ ಸ್ಟುಡಿಯೋಸ್ ಅನ್ನುವ ಮನರಂಜನಾ ಪಾರ್ಕ್ ಒಂದರ ಟಿಕೆಟ್ಟೇ ದೊಡ್ಡವರಿಗೆ ಒಬ್ಬರಿಗೆ 5000 ರೂಪಾಯಿ ದಾಟುತ್ತದೆ. ಇದರ ಮೇಲೆ ದಸರಾ ಸಮಯದ ವಿಮಾನದ ದರ. ಕಡಿಮೆ ಬಿದ್ದಿದ್ದಕ್ಕೆ ಸಾಲ ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಸಾಲ ಮಾಡಿ ಹೋಗಿ ಬಂದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಫೋಟೋ ಎಲ್ಲರಿಗೂ ತೋರಿಸಿ ಮುಗಿದ ಮೇಲೆ ಒಂದೂವರೆ ವರ್ಷ ಕಂತು ಕಟ್ಟುತ್ತಾ, ತಿಂಗಳ ಕೊನೆಗೆ ಗಂಡ ಹೆಂಡತಿ ಜಗಳ ಆಡುತ್ತಾರೆ.

ಬಾದಾಮಿ ಅಂದಾಗ ಮಗಳು ಮುಖ ಸಪ್ಪೆ ಮಾಡಬಹುದು. ಅವಳಿಗೆ ಹೀಗೆ ಹೇಳಿ. ಅಲ್ಲಿನ ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಹತ್ತಿರ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಏಳನೇ ಶತಮಾನದ್ದು, ಕನ್ನಡದಲ್ಲಿ ತ್ರಿಪದಿ ಇರುವ ಶಾಸನ. ಪುಸ್ತಕದಲ್ಲಿ ಓದುವ ಇಮ್ಮಡಿ ಪುಲಕೇಶಿ ಇದೇ ಊರಿನಿಂದ ಆಳಿದವನು. ಅವನ ಬಗ್ಗೆ ರವಿಕೀರ್ತಿ ಬರೆದ 634ರ ಶಾಸನ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿದೆ. ಮೇಗುತಿಗೆ ಗುಡ್ಡ ಹತ್ತಬೇಕು. ಅಪ್ಪ ಮಗಳು ಹತ್ತಲಿ, ಅತ್ತೆಯವರ ಜೊತೆ ನೀವು ಕೆಳಗೆ ದುರ್ಗ ಗುಡಿಯ ಹತ್ತಿರ ಕೂತಿರಿ. ಮಗ ಎಲ್ಲಿದ್ದರೂ ಓಡಾಡಿಕೊಂಡಿರುತ್ತಾನೆ.

ಮೊಣಕಾಲು ನೋವಿರುವವರನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು, ಎಲ್ಲಿ ಬೇಡ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಹೇಳುವುದಿಲ್ಲ. ಬಾದಾಮಿ ಗುಹೆಗಳಲ್ಲಿ ಮೊದಲನೆಯದಕ್ಕೆ ನಿಧಾನವಾಗಿ ಹೋಗಬಹುದು, ಮೂರನೆಯದಕ್ಕೆ ಮೆಟ್ಟಿಲು ಜಾಸ್ತಿ, ಅವರಿಗೆ ಬೇಡ. ಭೂತನಾಥ ಗುಡಿ ಕೆರೆಯ ಮಟ್ಟದಲ್ಲೇ ಇದೆ. ಸಂಜೆ ಐದರ ಹೊತ್ತಿಗೆ ಅಲ್ಲಿ ಕೂತರೆ ಎದುರಿನ ಕೆಂಪು ಬಂಡೆಯ ಮೇಲೆ ಬಿಸಿಲು ಇಳಿಯುವುದು ಕಾಣುತ್ತದೆ, ಎದ್ದು ಬರೋಕೆ ಮನಸ್ಸಾಗುವುದಿಲ್ಲ. ಕೋತಿಗಳ ಕಾಟ ಇದೆ, ಕೈಯಲ್ಲಿ ತಿಂಡಿ ಚೀಲ ಹಿಡಿಯಬೇಡಿ. ಪಟ್ಟದಕಲ್ಲು ಸಮತಟ್ಟಾದ ಜಾಗ, ಹುಲ್ಲಿನ ಅಂಗಳ, ವಯಸ್ಸಾದವರಿಗೆ ಅತಿ ಸುಲಭ. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ರಾಣಿಯೊಬ್ಬಳು ಕಟ್ಟಿಸಿದ ಗುಡಿ 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ ಅನ್ನುವುದನ್ನು ಮಗಳಿಗೆ ಅಲ್ಲೇ ನಿಂತು ಹೇಳಿ. ವಿಜಯಪುರದವರೆಗೆ ಹೋಗುವ ಮನಸ್ಸಾದರೆ, ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಹತ್ತುವ ಮೆಟ್ಟಿಲು ಕಡಿದು, ಇಕ್ಕಟ್ಟು. ಅತ್ತೆಯವರು ಕೆಳಗೇ ಇರಲಿ.

ಬನಶಂಕರಿಗೆ ಬೆಳಿಗ್ಗೆ ಬೇಗ ಹೋಗಿ, ನವರಾತ್ರಿಯಲ್ಲಿ ಜನ ಇರುತ್ತಾರೆ. ದರ್ಶನ ಮುಗಿಸಿ ಹೊರಗೆ ಬಂದರೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ಬಡಿಸುತ್ತಾರೆ. ಅವತ್ತು ಹೋಟೆಲ್ ತಿಂಡಿ ಬಿಟ್ಟು ಅಲ್ಲೇ ಉಣ್ಣಿ.

ಹುಬ್ಬಳ್ಳಿ ಮೇಲೆ ಹೋಗಿ ಬಾದಾಮಿಯಲ್ಲಿ ಮೂರು ರಾತ್ರಿ, ಬರುವಾಗ ಹಂಪಿಯಲ್ಲಿ ಎರಡು ರಾತ್ರಿ. ಸರ್ಕಾರದ ಮಯೂರ ಹೋಟೆಲ್ ಬಾದಾಮಿಯಲ್ಲೂ ಇದೆ, ಹಂಪಿ ಪಕ್ಕದ ಕಮಲಾಪುರದಲ್ಲೂ ಇದೆ. ಬುಕ್ ಮಾಡುವಾಗಲೇ ನೆಲಮಹಡಿ ರೂಮು ಕೇಳಿ, ದಸರಾಕ್ಕೆ ಬೇಗ ತುಂಬುತ್ತದೆ, ಈ ವಾರವೇ ಮಾಡಿ. ಹಂಪಿಯಲ್ಲಿ ವಿಜಯ ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಇದೆ, ಅತ್ತೆಯವರು ನಡೆಯಬೇಕಿಲ್ಲ. ಮಗನ ಕೈಗೆ 50 ರೂಪಾಯಿ ನೋಟು ಕೊಟ್ಟು ಅದರ ಹಿಂದಿರುವ ರಥ ಎಲ್ಲಿದೆ ಹುಡುಕು ಅನ್ನಿ. ಮಧ್ಯಾಹ್ನ 12ರಿಂದ 4ರವರೆಗೆ ಎಲ್ಲಿಗೂ ಹೋಗಬೇಡಿ, ಕಲ್ಲು ಕಾಯುತ್ತದೆ, ಎಲ್ಲರೂ ಮಲಗಿ. ಡ್ರೈವರ್ ಸಮೇತ ಏಳು ಸೀಟಿನ ಗಾಡಿ ಬಾಡಿಗೆಗೆ ತೆಗೆದುಕೊಂಡರೂ ಎಲ್ಲಾ ಸೇರಿ 1 ಲಕ್ಷದೊಳಗೆ ಆರಾಮಾಗಿ ಮುಗಿಯುತ್ತದೆ. ಉಳಿದ 2 ಲಕ್ಷ ಹಾಗೇ ಇರಲಿ, ಅದರ ಮೇಲೆ ಇನ್ನಷ್ಟು ಕೂಡಿಸಿ.

ಮಗಳಿಗೆ ಬಾಯಿಮಾತಿನ ಭರವಸೆ ಸಾಲದು, ಈ ತಿಂಗಳೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಮಕ್ಕಳಿಗೆ 1000 ರೂಪಾಯಿ, 5 ವರ್ಷ ನಡೆಯುತ್ತದೆ. ದೊಡ್ಡವರಿಗೆ 1500, 10 ವರ್ಷ. ನಮ್ಮ ಕಡೆ ಎಲ್ಲರಿಗೂ ತೊಂದರೆ ಕೊಡುವುದು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ನಿಮ್ಮಿಬ್ಬರ ಪಾಸ್‌ಪೋರ್ಟ್ ಇದ್ದರೆ ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳ ವಾಯಿದೆ ಉಳಿದಿರುತ್ತದಾ ನೋಡಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಸಿಂಗಪುರಕ್ಕೆ ಹೋಗಿ. ಜೂನ್‌ನಲ್ಲಿ ಅಲ್ಲಿನ ಶಾಲೆಗಳಿಗೂ ರಜೆ, ಎಲ್ಲಾ ಕಡೆ ಸಾಲು. ಏಪ್ರಿಲ್‌ಗೆ ಯಜಮಾನರು ಎರಡು ದಿನ ಹೆಚ್ಚು ರಜೆ ಹಾಕಲಿ. ಅತ್ತೆಯವರೂ ಬರುತ್ತೇನೆ ಅಂದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಅದಕ್ಕೆ ದುಡ್ಡಿಲ್ಲ.

ಇನ್ನೊಂದು ಮಾತು, ಇದು ದುಬೈಗೆ ಹೋಗುವವರಿಗೂ ಸೇರಿ. ಊರಿಂದ ತಿಂಡಿ ಕಟ್ಟಿಕೊಳ್ಳುವಾಗ ಗಸಗಸೆ ಇರುವುದು ಯಾವುದೂ ಬೇಡ. ಸಿಂಗಪುರ, ದುಬೈ ಎರಡೂ ಕಡೆ ಗಸಗಸೆ ನಿಷೇಧ. ಕಜ್ಜಾಯದ ಮೇಲೆ ಉದುರಿಸಿದ್ದು, ಕರದಂಟಿನಲ್ಲಿ ಹಾಕಿದ್ದು, ಮಸಾಲೆಪುಡಿಯಲ್ಲಿ ಹುರಿದು ಹಾಕಿದ್ದು, ಎಲ್ಲವೂ ಅಷ್ಟೇ. ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಡಬ್ಬಿಯಿಂದ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರುವ ಹಾಗಾಗಬಾರದು.

ಪ್ರಶ್ನೆ: ನಾವಿಬ್ಬರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇವೆ. ಅಂಡಮಾನ್‌ಗೆ ಹೋಗೋದಕ್ಕಿಂತ ಥಾಯ್ಲೆಂಡ್‌ನ ಫುಕೆಟ್ ಅಗ್ಗ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜಾನಾ?

ಉತ್ತರ: ಎಷ್ಟೋ ಸಲ ನಿಜ. ರಜೆ ಸಮಯದಲ್ಲಿ ಅಂಡಮಾನ್ ವಿಮಾನದ ದರ ನೋಡಿದರೆ ನನಗೂ ಸಂಕಟವಾಗುತ್ತದೆ. ಆದರೆ ಟಿಕೆಟ್ ದರ ಒಂದನ್ನೇ ಪಕ್ಕಪಕ್ಕ ಇಟ್ಟು ನೋಡಬೇಡಿ. ಹೊರದೇಶದಲ್ಲಿ ಕಾರ್ಡ್ ಉಜ್ಜಿದಾಗ ಬಹಳಷ್ಟು ಕಾರ್ಡ್‌ಗಳು 2ರಿಂದ 3.5 ಪರ್ಸೆಂಟ್ ಹೆಚ್ಚುವರಿ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಅಂಗಡಿಯ ಮಷಿನ್ "ರೂಪಾಯಿಯಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣ ಬಾತ್‌ನಲ್ಲೇ ಕಟ್ಟಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ. ಪ್ಯಾಕೇಜ್ ತೆಗೆದುಕೊಂಡರೆ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ. ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿವರೆಗೆ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ. ಇಷ್ಟನ್ನೂ ಕೂಡಿಸಿ ಆಮೇಲೆ ಹೋಲಿಸಿ.

ಸಮುದ್ರ ಮಾತ್ರ ಒಂದೇ. ಫುಕೆಟ್ ಇರುವುದೂ ಅಂಡಮಾನ್ ಸಮುದ್ರದ ದಡದಲ್ಲೇ. ಮೇ ಇಂದ ಅಕ್ಟೋಬರ್‌ವರೆಗೆ ಎರಡೂ ಕಡೆ ಮಳೆ, ಅಲೆ ಜೋರು, ದೋಣಿ ಎಷ್ಟೋ ದಿನ ಹೊರಡುವುದೇ ಇಲ್ಲ. ಆ ತಿಂಗಳಲ್ಲಿ ಸಿಗುವ ಅಗ್ಗದ ಪ್ಯಾಕೇಜ್ ನೋಡಿ ಮರುಳಾಗಬೇಡಿ. ಜನವರಿ, ಫೆಬ್ರವರಿ ಒಳ್ಳೆಯದು. ಥಾಯ್ಲೆಂಡ್‌ಗೆ ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು. 2025ರ ಮೇ ಇಂದ ಇದು ಕಡ್ಡಾಯ, ಪೂರ್ತಿ ಉಚಿತ. ದುಡ್ಡು ಕೇಳುವ ಸೈಟ್ ಸರ್ಕಾರದ್ದಲ್ಲ. ಅಲ್ಲಿ ಸ್ಕೂಟರ್ ಓಡಿಸುವ ಆಸೆ ಇದ್ದರೆ ಇಲ್ಲಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡೇ ಹೋಗಿ. ಅದಿಲ್ಲದೆ ಬಿದ್ದರೆ ವಿಮೆ ಕಂಪನಿ ಕೈ ಎತ್ತುತ್ತದೆ, ಆಸ್ಪತ್ರೆ ಬಿಲ್ ನಿಮ್ಮ ತಲೆಗೆ.

ನನಗೇ ಆರಿಸು ಅಂದರೆ ಅಂಡಮಾನ್. ರಾಧಾನಗರದ ದಡದ ಹಿಂದೆಯೇ ದಟ್ಟ ಕಾಡು ನಿಂತಿದೆ. ಸೆಲ್ಯುಲರ್ ಜೈಲಿನ ಒಂಟಿ ಕೋಣೆಯೊಳಗೆ ಒಂದು ನಿಮಿಷ ನಿಂತು ಬಂದರೆ ಅದು ಬೇಗ ಮರೆಯುವಂಥದ್ದಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಪ್ರತಿ ವರ್ಷದ ಮೂರು ವಾರ ರಜೆ ಹಾಸನಕ್ಕೆ ಬರೋದರಲ್ಲೇ ಮುಗಿಯುತ್ತದೆ. ಮಕ್ಕಳು ಈ ವರ್ಷ ಯುರೋಪ್ ಅಂತ ಹಟ ಹಿಡಿದಿದ್ದಾರೆ. ಅಪ್ಪ ಅಮ್ಮನಿಗೆ ಹೇಗೆ ಹೇಳೋದು?

ಉತ್ತರ: ಊರಿಗೆ ಬನ್ನಿ, ದಾರಿಯಲ್ಲಿ ಯುರೋಪಿನಲ್ಲಿ ನಾಲ್ಕು ದಿನ ಇಳಿದುಕೊಳ್ಳಿ. ಫ್ರಾಂಕ್‌ಫರ್ಟ್, ಪ್ಯಾರಿಸ್ ಎರಡರಿಂದಲೂ ಬೆಂಗಳೂರಿಗೆ ನೇರ ವಿಮಾನ ಇದೆ. ಮಕ್ಕಳು ಅಮೆರಿಕದ ಪಾಸ್‌ಪೋರ್ಟ್‌ನವರಾದರೆ ಅಷ್ಟು ದಿನಕ್ಕೆ ವೀಸಾ ಬೇಡ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಷೆಂಗೆನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು, ದೊಡ್ಡವರಿಗೆ 90 ಯೂರೋ. ಪ್ರಯಾಣಕ್ಕೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕೊನೆಗೆ ಹಾಕೋಣ ಅಂತ ಕೂತವರ ಟಿಕೆಟ್ ಎಷ್ಟು ಸಲ ರದ್ದಾಗಿದ್ದು ನೋಡಿದ್ದೇನೋ.

ಆದರೆ ನಿಮ್ಮ ಮಕ್ಕಳ ಬೇಜಾರು ಹಾಸನದ ಮೇಲೆ ಅಲ್ಲ ಅನಿಸುತ್ತದೆ. ಮೂರು ವಾರವೂ ನೆಂಟರ ಮನೆ, ಬ್ಯಾಂಕು, ಹಲ್ಲಿನ ಡಾಕ್ಟರು, ಮದುವೆ ಅಂತ ಸುತ್ತಿದರೆ ಮಕ್ಕಳಿಗೆ ರಜೆ ಎಲ್ಲಿ ಸಿಕ್ಕಿತು? ಬೇಲೂರು, ಹಳೇಬೀಡು ನಿಮ್ಮ ಜಿಲ್ಲೆಯಲ್ಲೇ ಇವೆ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಅವನ್ನು ಅವರು ಸರಿಯಾಗಿ ನೋಡಿದ್ದಾರಾ? ಈ ಸಲ ಅಜ್ಜ ಅಜ್ಜಿಯನ್ನೂ ಹತ್ತಿಸಿಕೊಂಡು ನಾಲ್ಕು ದಿನ ಮನೆ ಬಿಟ್ಟು ಹೊರಡಿ, ಫೋನ್ ಬಂದರೆ ಊರಲ್ಲಿಲ್ಲ ಅನ್ನಿ. ಅಪ್ಪ ಅಮ್ಮನಿಗೆ ವಿಷಯವನ್ನು ಈಗಲೇ ಫೋನಿನಲ್ಲಿ ಹೇಳಿ, ಬಂದು ಇಳಿದ ಮೇಲೆ ದಿನ ಕಡಿಮೆ ಅಂತ ಗೊತ್ತಾದರೆ ನೋವಾಗುತ್ತದೆ. ಮಕ್ಕಳ ಒಸಿಐ ಕಾರ್ಡನ್ನು (ಹೊರದೇಶದ ಪಾಸ್‌ಪೋರ್ಟ್ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡು) ಸುತ್ತಾಡುವಾಗಲೂ ಕೈಯಲ್ಲಿ ಇಟ್ಟುಕೊಂಡಿರಿ. ಅದು ಇದ್ದರೆ ಸ್ಮಾರಕಗಳಲ್ಲಿ ಭಾರತೀಯರ ದರವೇ. ಇಲ್ಲದಿದ್ದರೆ ಹಂಪಿಯಂಥ ಕಡೆ 15 ದಾಟಿದವರಿಗೆ 40 ರೂಪಾಯಿ ಬದಲು 600 ಕೇಳುತ್ತಾರೆ.