ದನದ ಡಾಕ್ಟರ್ ಆದವರು ಕೇಂದ್ರ ಮಂತ್ರಿ ಆದದ್ದು ಉಂಟಾ?
ಉಂಟು, ಸಂಜೀವ್ ಬಾಲ್ಯಾನ್. ಹರಿಯಾಣದ ಹಿಸಾರ್‌ನಲ್ಲಿ ಪಶುವೈದ್ಯ ಓದಿ ಪಿಎಚ್‌ಡಿಯನ್ನೂ ಮಾಡಿದವರು. 2014ರಲ್ಲಿ ಬಿಜೆಪಿಯಿಂದ ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಗೆದ್ದರು. ಮೊದಲ ಸಲ ಸಂಸದರಾದವರಿಗೆ ಕೃಷಿ ರಾಜ್ಯ ಸಚಿವ ಸ್ಥಾನವೇ ಸಿಕ್ಕಿತು. ಆಮೇಲೆ ಜಲಸಂಪನ್ಮೂಲ, 2017ರಲ್ಲಿ ಸಂಪುಟದಿಂದ ಹೊರಗೆ.

2019ರಲ್ಲಿ ಮಾಜಿ ಕೇಂದ್ರ ಮಂತ್ರಿ ಅಜಿತ್ ಸಿಂಗ್ ಅವರನ್ನು ಸುಮಾರು 6,500 ಮತಗಳಿಂದ ಸೋಲಿಸಿ ಬಂದಾಗ ಸಿಕ್ಕಿದ್ದು ಪಶುಸಂಗೋಪನೆ, ಡೈರಿ, ಮೀನುಗಾರಿಕೆ, ಅಂದರೆ ನಮ್ಮ ಬದಿಯಡ್ಕದ ಕಡೆಯ ಕಾಸರಗೋಡು ಗಿಡ್ಡ ದನದಿಂದ ಹಿಡಿದು ಕುಂಬಳೆಯ ದೋಣಿಯವರೆಗೆ ಎಲ್ಲದಕ್ಕೂ ಸಂಬಂಧಪಟ್ಟ ಖಾತೆ. ಓದಿದ್ದಕ್ಕೆ ಸರಿಯಾದ ಕೆಲಸ ಸಿಕ್ಕಿತು, ಇದು ಅಪರೂಪ ಅಲ್ವಾ!

ಆದರೆ ಸುಮ್ನೆ ಡಿಗ್ರಿ ನೋಡಿ ಯಾರೂ ಟಿಕೆಟ್ ಕೊಡುವುದಿಲ್ಲ. ಅಲ್ಲಿ ಜಾಟ್ ಎಂಬ ರೈತ ಸಮುದಾಯದ ಮತಗಳ ಲೆಕ್ಕಾಚಾರವೇ ಜಾಸ್ತಿ, ಬಾಲ್ಯಾನ್ ಕೂಡಾ ಅದೇ ಸಮುದಾಯದವರು. 2024ರಲ್ಲಿ ಸಮಾಜವಾದಿ ಪಕ್ಷದ ಹರೇಂದ್ರ ಮಲಿಕ್ ಎದುರು ಸೋತರು.