"ಬೇಕೇನು?" ಅಂದ್ರೆ "ಬೇಕೇನು" ಅಂತಾನೆ

ಪ್ರಶ್ನೆ: ಮೇಡಂ, ನಾವು ಬೆಳಗಾವಿಯ ವಡಗಾವಿಯವರು. ಮನೆಯ ಮುಂದಿನ ಕೋಣೆಯಲ್ಲೇ ಎರಡು ಪವರ್‌ಲೂಮ್ ಇವೆ. ಮಗನಿಗೆ ಮೂರೂವರೆ ವರ್ಷ. ಆಟಿಸಂ ಅಂತ ಡಾಕ್ಟರ್ ಹೇಳಿದ್ದಾರೆ. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಸರಿಯಿದೆ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. "ನೀರು ಬೇಕೇನು?" ಅಂದರೆ "ನೀರು ಬೇಕೇನು" ಅಂತ ತಿರುಗಿ ನನಗೇ ಹೇಳುತ್ತಾನೆ. ಅತ್ತೆ ಅವನ ಜೊತೆ ಮರಾಠಿ ಮಾತಾಡುತ್ತಾರೆ, ಎರಡು ಭಾಷೆಯಿಂದಲೇ ಹೀಗಾಯ್ತು ಅಂತ ಬೀಗರು ಅನ್ನುತ್ತಾರೆ. ಥೆರಪಿ ವಾರಕ್ಕೆ ಒಂದೇ ದಿನ. ಉಳಿದ ಆರು ದಿನ ಮನೆಯಲ್ಲಿ ನಾನೇನು ಮಾಡಲಿ?

ಉತ್ತರ: ನೋಡ್ರಿ, ಕೈ ಹಿಡಿದು ಎಳೆಯೋದೂ ಕೇಳೋದೇ ಅಲ್ವಾ? "ಬೇಕೇನು" ಅನ್ನೋದೂ ಅಷ್ಟೇ. ನೀವು ಆ ಮಾತು ಅಂದಾಗಲೆಲ್ಲ ನೀರು ಬಂದಿದೆ. ಅವನ ಲೆಕ್ಕದಲ್ಲಿ ನೀರು ತರಿಸುವ ಮಾತೇ ಅದು. ಹಾಗಾಗಿ ಪ್ರಶ್ನೆ ಬಿಡಿ. ಅವನು ಆಡಬೇಕಾದ ಮಾತನ್ನು ಅವನ ಪರವಾಗಿ ನೀವೇ ಆಡಿ. ತಂಬಿಗೆಯ ಹತ್ತಿರ ಎಳೆದುಕೊಂಡು ಹೋದನಾ? ಅವನ ಮುಖದ ಮಟ್ಟಕ್ಕೆ ಕೂತು "ನೀರು ಬೇಕು" ಅನ್ನಿ, ಕೊಡಿ. "ಹೇಳು, ಹೇಳು" ಅಂತ ಬೆನ್ನು ಹತ್ತಬೇಡಿ.

ಇದು ರೂಢಿಯಾದ ಮೇಲೆ ಲೋಟಕ್ಕೆ ಒಂದೇ ಗುಟುಕು ಹಾಕಿ. ಕುಡಿದು ಮತ್ತೆ ಬರುತ್ತಾನೆ. ಆಗ "ನೀರು..." ಅಂತ ಅರ್ಧಕ್ಕೆ ನಿಲ್ಲಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಕಷ್ಟ ಇರೋದು ಇಲ್ಲೇ. ನಾವು ಮೂರು ಎಣಿಸೋದರೊಳಗೆ ಬಾಯಿ ತೆಗೆದಿರುತ್ತೇವೆ. ಅವನು "ಬೇ" ಅಂದರೂ, ನಿಮ್ಮ ಕಡೆ ನೋಡಿದರೂ, ಲೋಟ ಮುಂದೆ ಹಿಡಿದರೂ ತಕ್ಷಣ ಹಾಕಿ. ಏನೂ ಮಾಡದಿದ್ದರೆ ಮಾತು ನೀವೇ ಮುಗಿಸಿ, ನೀರು ಕೊಡಿ.

ಕೊಡದೆ ಮಾತ್ರ ಸತಾಯಿಸಬೇಡಿ. ಥೆರಪಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬ ಹುಡುಗಿಗೆ "ಕೊಡು" ಅನ್ನೋವರೆಗೂ ಬಿಸ್ಕತ್ತು ಕೊಡದೆ ಕಾಯಿಸಿದೆ. ಮುಂದಿನ ವಾರ ಅವಳು ನನ್ನ ಬಾಗಿಲು ಕಂಡೊಡನೆ ಅಳೋಕೆ ಶುರು ಮಾಡಿದಳು. ಅವಳು ಮತ್ತೆ ಒಳಗೆ ಬಂದು ಕೂರೋಕೆ ಎರಡು ತಿಂಗಳು ಹಿಡಿಯಿತು.

ಚಿತ್ರಗಳನ್ನೂ ಬಳಸಿ. ನಿಮ್ಮದೇ ತಂಬಿಗೆ, ಚುರುಮುರಿ ಡಬ್ಬಿ, ಅವನ ಚಪ್ಪಲಿ ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿ. ಚುರುಮುರಿ ಚಿತ್ರ ನಿಮ್ಮ ಕೈಗೆ ಬಂತೋ, "ಚುರುಮುರಿ ಬೇಕು" ಅಂತ ಅಂದು ಒಂದು ಹಿಡಿ ಕೊಟ್ಟುಬಿಡಿ. ಮೊದಮೊದಲು ಹಿಂದೆ ಕೂತು ಅವನ ಕೈಯಿಂದ ಚಿತ್ರ ಕೊಡಿಸೋಕೆ ಇನ್ನೊಬ್ಬರು ಬೇಕು. ಅತ್ತೆಯವರನ್ನು ಕೂರಿಸಿ. ಚಿತ್ರ ಕೊಟ್ಟರೆ ಮಾತೇ ಬರಲ್ಲ ಅನ್ನೋದು ಸುಮ್ನೆ ಹೆದರಿಕೆ.

ಮರಾಠಿಯನ್ನು ಬಿಡಿಸಬೇಡಿ. ಎರಡು ಭಾಷೆಯಿಂದ ಆಟಿಸಂ ಬರಲ್ಲ, ಜಾಸ್ತಿಯೂ ಆಗಲ್ಲ. ಅಜ್ಜಿ "ಪಾಣಿ ಪಾಹಿಜೆ" (ನೀರು ಬೇಕು) ಅನ್ನಲಿ. "ಪಾಹಿಜೆ ಕಾ?" (ಬೇಕೇನು?) ಅಂತ ಕೇಳದಿದ್ದರೆ ಆಯ್ತು.

ಖರ್ಚಿನ ಬಗ್ಗೆ ಒಂದು ಮಾತು. ಆಟಿಸಂ ಇರುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಅದರಲ್ಲಿ ಥೆರಪಿಯೂ ಸೇರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಇನ್ನು ನಿಮ್ಮ ಮಗ್ಗ. ಆ ಖಟಖಟದಲ್ಲಿ ನಿಮ್ಮ ಮಾತು ನಿಮಗೇ ಕೇಳಲ್ಲ, ಅವನಿಗೆಲ್ಲಿ ಕೇಳಬೇಕು? ಮಗ್ಗ ನಿಲ್ಲುವ ಹೊತ್ತು ನೋಡಿಕೊಳ್ಳಿ. ಕರೆಂಟ್ ಹೋದರೆ ಬೈಯುತ್ತಾ ಕೂರಬೇಡಿ, ಲೋಟ ತಗೊಂಡು ಮಗನ ಮುಂದೆ ಕೂರಿ.