ಓದುಗರ ಪ್ರಶ್ನೆ: ಒಡೆದ ಕಲ್ಲು ಹೇಳುವ ಸಾಕ್ಷಿ

ಪ್ರಶ್ನೆ: ಹುಣಸಗಿ ಸಮೀಪದ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಉಪಕರಣಗಳನ್ನು ತಯಾರಿಸುತ್ತಿದ್ದರೆಂದು ಓದಿದ್ದೇನೆ. ಒಡೆದ ಕಲ್ಲುಗಳು ನಮ್ಮ ಹೊಲದಲ್ಲಿಯೂ ಬೇಕಾದಷ್ಟಿವೆ. ಅವು ಮನುಷ್ಯರು ಒಡೆದವೆಂದು, ಅದೂ ಅಲ್ಲಿಯೇ ಕುಳಿತು ಒಡೆದವೆಂದು ಹೇಗೆ ಗೊತ್ತಾಗುತ್ತದೆ?
– ಒಬ್ಬ ಓದುಗರು, ಸುರಪುರ

ಉತ್ತರ: ತಮ್ಮ ಅನುಮಾನ ನ್ಯಾಯವಾದದ್ದೇ. ಬಿಸಿಲಿಗೂ ಹಳ್ಳದ ಹೊಡೆತಕ್ಕೂ ನೇಗಿಲಿಗೂ ಕಲ್ಲು ಒಡೆಯುತ್ತದೆ. ಆದರೆ ಅಂಚಿಗೆ ಗುರಿಯಿಟ್ಟು ಹೊಡೆದು ಎಬ್ಬಿಸಿದ ಚಕ್ಕೆಯನ್ನು ಕೈಯಲ್ಲಿ ಹಿಡಿದು ಓರೆ ಬೆಳಕಿಗೆ ತಿರುಗಿಸಿದರೆ, ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣದೊಂದು ಉಬ್ಬೂ, ಅಲ್ಲಿಂದ ಆಚೆಗೆ ನೀರಿನ ಅಲೆಗಳಂತೆ ಹರಡಿದ ಗೆರೆಗಳೂ, ಬೆನ್ನಿನ ಮೇಲೆ ಅದಕ್ಕೂ ಮೊದಲು ಎದ್ದ ಚಕ್ಕೆಗಳ ಗುಳಿಗಳೂ ಕಾಣುತ್ತವೆ. ಇಂತಹ ಗುರುತು ಒಂದೆರಡು ಆಕಸ್ಮಿಕವಾಗಿ ಮೂಡಬಹುದು. ಒಂದೇ ಅಂಚಿನುದ್ದಕ್ಕೂ ಸಾಲಾಗಿ ಮೂಡುವುದು ಕೈಯ ಕೆಲಸವೇ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡವು 1990ರ ದಶಕದ ಕೊನೆಯಲ್ಲಿ ಇಸಾಂಪುರದಲ್ಲಿ ಉತ್ಖನನ ಆರಂಭಿಸಿದಾಗ, ಗಟ್ಟಿಯಾದ ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳಿಂದ ಎಬ್ಬಿಸಿದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೈಗೊಡಲಿಗಳು (ಹಿಡಿಯಿಲ್ಲದೆ ಕೈಯಲ್ಲೇ ಹಿಡಿದು ಬಳಸುವ ಕಲ್ಲಿನ ಉಪಕರಣಗಳು) ಹಾಗೂ ಹೊಡೆಯಲು ಬಳಸಿದ ಬೇರೆ ಜಾತಿಯ ಉಂಡೆಗಲ್ಲುಗಳು ಒಟ್ಟಿಗೇ ದೊರೆತವು. ನನ್ನ ಮಟ್ಟಿಗೆ ಪೂರ್ಣಗೊಂಡ ಕೈಗೊಡಲಿಗಿಂತ ಈ ಕಸವೇ ಹೆಚ್ಚು ಮಾತಾಡುತ್ತದೆ, ಏಕೆಂದರೆ ಉಪಕರಣವನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಕಸವನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಕಲ್ಲಿನ ಹೊರಸಿಪ್ಪೆ ಉಳಿದ ಚಕ್ಕೆಗಳು ಕೆಲಸದ ಮೊದಲ ಹಂತದವು. ಸಿಪ್ಪೆಯಿಲ್ಲದ ತೆಳು ಚಕ್ಕೆಗಳು ಸಾಮಾನ್ಯವಾಗಿ ಅಂಚನ್ನು ತಿದ್ದುವ ಹಂತದವು. ಎರಡೂ ಒಂದೇ ಕಡೆ ರಾಶಿಬಿದ್ದಿದ್ದು, ಉಗುರಿನಷ್ಟು ಸಣ್ಣ ಚೂರುಗಳೂ ಜೊತೆಗಿದ್ದರೆ, ನೀರು ಅವುಗಳನ್ನು ಕೊಚ್ಚಿಕೊಂಡು ಹೋಗಿಲ್ಲ, ಕೆಲಸ ಅಲ್ಲಿಯೇ ನಡೆದಿದೆ ಎಂದರ್ಥ.

ಚಕ್ಕೆಗಳನ್ನು ಒಂದಕ್ಕೊಂದು ಹೊಂದಿಸಿ ಮೂಲ ಕಲ್ಲನ್ನು ಮರಳಿ ಕಟ್ಟುವ ಕ್ರಮವೂ ಇದೆ. ಬಹಳ ತಾಳ್ಮೆ ಬೇಡುವ ಕೆಲಸವದು. ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ಸುಮಾರು 5 ಲಕ್ಷ ವರ್ಷ ಹಳೆಯ ಚಕ್ಕೆಗಳನ್ನು ಹೀಗೆ ಜೋಡಿಸಿದಾಗ ನಡುವೆ ಕೈಗೊಡಲಿಯ ಆಕಾರದ ಪೊಳ್ಳು ಉಳಿಯಿತು: ಕೊಡಲಿ ಅಲ್ಲಿಲ್ಲ, ಅದನ್ನು ಮಾಡಿದ ಬಗೆ ಮಾತ್ರ ಹೆಜ್ಜೆ ಹೆಜ್ಜೆಗೂ ಇದೆ.

ಇಸಾಂಪುರದಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಅಂದಾಜಿಸಲಾಗಿದೆ.

ಇನ್ನು ತಮ್ಮ ಹೊಲದ ಕಲ್ಲುಗಳ ವಿಚಾರ. ಮೇಲೆ ಹೇಳಿದ ಗುರುತುಗಳು ಅವುಗಳಲ್ಲಿ ಕಂಡರೆ ಮನುಷ್ಯರು ಒಡೆದವೆಂದು ಹೇಳಬಹುದು; ಆದರೆ ನೇಗಿಲು ಅವುಗಳನ್ನು ಅತ್ತಿತ್ತ ಸರಿಸಿರುವುದರಿಂದ ಅಲ್ಲಿಯೇ ಕುಳಿತು ಒಡೆದರೆನ್ನಲು ಆ ಕಲ್ಲುಗಳಷ್ಟೇ ಸಾಲವು.